ಎಂಡೋಮೆಟ್ರಿಯೋಸಿಸ್ ಮತ್ತು ರೋಗನಿರೋಧಕ ವ್ಯವಸ್ಥೆ: ಕರಪತ್ರದ ಆ ಸಾಲು ಸರಿಯೇ?

ಪಾರಿಜಾತ, ಡೊಂಬಿವಲಿ

ಮಹಿಳಾ ಆರೋಗ್ಯ ಶಿಬಿರಕ್ಕೆ ಎರಡು ಪುಟದ ಕನ್ನಡ ಕರಪತ್ರ ತಯಾರಾಗ್ತಿದೆ. ಮುಂಬಯಿ, ಪುಣೆ, ಗೋವಾ ಮೂರೂ ಕಡೆ ಹಂಚುವಂಥದ್ದು. ಕರಡಿನ ಮೊದಲ ಪುಟದಲ್ಲಿ ಹೀಗಿದೆ: "ರೋಗನಿರೋಧಕ ಶಕ್ತಿ ಕುಂದಿದಾಗ ಗರ್ಭಕೋಶದ ಒಳಪದರ ಹೊರಗೆ ಬೆಳೆದು ಎಂಡೋಮೆಟ್ರಿಯೋಸಿಸ್ ಬರುತ್ತದೆ." ಎರಡನೇ ಪುಟಕ್ಕೆ ಬಂದರೆ ಅದನ್ನೇ ಆಟೋಇಮ್ಯೂನ್ ಕಾಯಿಲೆ ಅಂತ ಬರೆದಿದೆ. ಒಂದು ಕಡೆ ಶಕ್ತಿ ಸಾಲದು, ಇನ್ನೊಂದು ಕಡೆ ಅದೇ ಶಕ್ತಿ ಮೈಮೇಲೆ ತಿರುಗಿಬಿದ್ದಿದೆ. ಎರಡೂ ಹೇಗೆ ಒಟ್ಟಿಗೆ ನಿಜ ಆಗತ್ತೆ? ಓದಿದ ಹೆಂಗಸರು ನಾಳೆಯಿಂದಲೇ ಕಷಾಯ ಶುರು ಮಾಡ್ತಾರೆ, ಇಲ್ಲಾ ರಕ್ತದಲ್ಲಿ "ಇಮ್ಯೂನ್ ಪ್ಯಾನೆಲ್" ಮಾಡಿಸೋಕೆ ಹೋಗ್ತಾರೆ. ಅಚ್ಚಿಗೆ ಹೋಗುವ ಮುಂಚೆ ತಿಳಿದವರು ತಿದ್ದಿಕೊಡಿ. ಹೊಟ್ಟೆಯೊಳಗೆ ನಿಜವಾಗಿ ಏನಾಗತ್ತೆ ಅನ್ನೋದರಿಂದ ಶುರು ಮಾಡಿದರೆ ಒಳ್ಳೆಯದು.

ಸೂಕ್ಷ್ಮದರ್ಶಿ, ಪರೇಲ್

ತಪ್ಪು ಇರುವುದು "ಶಕ್ತಿ" ಅನ್ನುವ ಪದದಲ್ಲೇ. ಕನ್ನಡದಲ್ಲಿ ನಾವು ರೋಗನಿರೋಧಕ ಶಕ್ತಿ ಅಂತ ಹೇಳಿ ಹೇಳಿ, ಅದು ಟ್ಯಾಂಕಿನ ನೀರಿನ ಹಾಗೆ ಏರುವ ಇಳಿಯುವ ಒಂದು ಪ್ರಮಾಣ ಅನ್ನುವ ಭಾವನೆ ಬಂದುಬಿಟ್ಟಿದೆ. ಅದು ಪ್ರಮಾಣ ಅಲ್ಲ, ಹಲವು ಬಗೆಯ ಕಣಗಳು (ರಕ್ಷಕ ಜೀವಕೋಶಗಳು) ಪರಸ್ಪರ ಸಂದೇಶ ಕಳಿಸಿಕೊಂಡು ನಡೆಸುವ ವ್ಯವಸ್ಥೆ. ಎಂಡೋಮೆಟ್ರಿಯೋಸಿಸ್‌ನಲ್ಲಿ ಕೆಲವು ಕಣಗಳು ಸಂಖ್ಯೆಯಲ್ಲಿ ಹೆಚ್ಚಿ, ಮಾಡಬೇಕಾದ ಕೆಲಸ ಬಿಟ್ಟು ಬೇರೆ ಕೆಲಸ ಮಾಡುತ್ತವೆ.

1927ರಲ್ಲಿ ಅಮೆರಿಕದ ಆಲ್ಬನಿಯ ಜಾನ್ ಸ್ಯಾಂಪ್ಸನ್ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತ ಕೆಳಗೆ ಹರಿಯುವುದರ ಜೊತೆಗೆ ಸ್ವಲ್ಪ ಭಾಗ ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹೋಗುತ್ತದೆ, ಅದರೊಡನೆ ಹೋದ ಒಳಪದರದ ತುಣುಕುಗಳು ಅಲ್ಲಿ ಬೇರು ಬಿಡುತ್ತವೆ ಎಂದು. ಆದರೆ 1984ರ ಒಂದು ಅಧ್ಯಯನದಲ್ಲಿ, ಗರ್ಭನಾಳ ತೆರೆದಿರುವ ಹೆಂಗಸರಲ್ಲಿ ಮುಟ್ಟಿನ ಹೊತ್ತಿಗೆ ದುರ್ಬೀನು (ಲ್ಯಾಪರೋಸ್ಕೋಪ್) ಹಾಕಿ ನೋಡಿದಾಗ ಸುಮಾರು 90 ಶೇಕಡ ಮಂದಿಯ ಹೊಟ್ಟೆಯ ದ್ರವದಲ್ಲಿ ರಕ್ತ ಸಿಕ್ಕಿತು. ಕಾಯಿಲೆ ಬರುವುದು ಸುಮಾರು 10 ಶೇಕಡ ಮಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನಾದ್ಯಂತ 19 ಕೋಟಿ. ಹಾಗಾದರೆ ಉಳಿದ 80 ಶೇಕಡ ಮಂದಿಯಲ್ಲಿ ಆ ತುಣುಕುಗಳನ್ನು ಗುಡಿಸಿ ಹಾಕಿದ್ದು ಯಾರು? ರೋಗನಿರೋಧಕ ವ್ಯವಸ್ಥೆಯ ಪ್ರಶ್ನೆ ಹುಟ್ಟುವುದೇ ಇಲ್ಲಿ.

ಗುಡಿಸುವವರು ಮ್ಯಾಕ್ರೋಫೇಜ್‌ಗಳು, ಕಸ ತಿನ್ನುವ ದೊಡ್ಡ ಬಿಳಿ ಕಣಗಳು. ಕಿಬ್ಬೊಟ್ಟೆಯಲ್ಲಿ ಸಾಮಾನ್ಯವಾಗಿ 5ರಿಂದ 20 ಮಿಲೀ ದ್ರವ ಇರುತ್ತದೆ, ಅದರಲ್ಲಿರುವ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವೇ. ಕಾಯಿಲೆ ಇರುವವರ ದ್ರವದ ಒಂದು ಹನಿಯನ್ನು ಗಾಜಿನ ಮೇಲೆ ಹರಡಿ ಪರ್ಲ್ಸ್ ಬಣ್ಣ ಹಾಕಿ, ಅಂದರೆ ಪೊಟ್ಯಾಸಿಯಂ ಫೆರೋಸಯನೈಡ್ ಮತ್ತು ಹೈಡ್ರೋಕ್ಲೋರಿಕ್ ಆಸಿಡ್. ಬಣ್ಣ ಹಾಕುವ ಮುಂಚೆ ಕಂದು ಚುಕ್ಕೆ ತುಂಬಿಕೊಂಡು ಉಬ್ಬಿದ್ದ ಮ್ಯಾಕ್ರೋಫೇಜ್‌ಗಳು ಗಾಢ ನೀಲಿಯಾಗುತ್ತವೆ. ನೀಲಿಯಾದದ್ದು ಕಬ್ಬಿಣ. ತಿಂಗಳು ತಿಂಗಳೂ ಬಿದ್ದ ಕೆಂಪು ರಕ್ತಕಣಗಳನ್ನು ತಿಂದು ತಿಂದು ಒಳಗೆ ಕಟ್ಟಿಕೊಂಡದ್ದು. ಈ ಕಬ್ಬಿಣ ಮಿತಿ ಮೀರಿದಾಗ ಆಮ್ಲಜನಕದ ಉಗ್ರ ಅಣುಗಳು ಹುಟ್ಟುತ್ತವೆ, ಎನ್‌ಎಫ್ ಕಪ್ಪಾಬಿ ಎಂಬ ಸ್ವಿಚ್ ಬೀಳುತ್ತದೆ, ಕಣ ಉರಿಯೂತದ ಸಂದೇಶಗಳನ್ನು ಸುರಿಯತೊಡಗುತ್ತದೆ: ಐಎಲ್-1 ಬೀಟಾ, ಐಎಲ್-6, ಐಎಲ್-8, ಟಿಎನ್‌ಎಫ್ ಆಲ್ಫಾ.

ಕಣಗಳು ಇಷ್ಟೊಂದು ಇದ್ದೂ ಕಸ ಯಾಕೆ ಖಾಲಿಯಾಗುವುದಿಲ್ಲ? ಅವುಗಳ ಮೈಮೇಲೆ ಸಿಡಿ36 ಎಂಬ ಹಿಡಿಕೆ ಇರುತ್ತದೆ, ಸತ್ತ ಕೋಶವನ್ನು ಹಿಡಿದು ನುಂಗುವುದಕ್ಕೆ. ಹೊಟ್ಟೆಯ ದ್ರವದಲ್ಲಿ ಹೆಚ್ಚಿರುವ ಪ್ರೊಸ್ಟಗ್ಲಾಂಡಿನ್ ಇ2 (ನೋವು, ಉರಿಯೂತ ಎಬ್ಬಿಸುವ ರಾಸಾಯನಿಕ) ಈ ಹಿಡಿಕೆಯನ್ನು ಕಡಿಮೆ ಮಾಡಿಸುತ್ತದೆ. ನುಂಗುವುದು ತಗ್ಗುತ್ತದೆ, ಗಾಯ ಮಾಯಿಸುವ ಕೆಲಸ ಮಾತ್ರ ಮುಂದುವರಿಯುತ್ತದೆ. ಗಾಯ ಮಾಯಬೇಕಾದರೆ ಹೊಸ ರಕ್ತನಾಳ ಬೇಕು, ಅದಕ್ಕೆ ವಿಇಜಿಎಫ್ ಬಿಡುತ್ತವೆ. ಗಾಯದ ಮೇಲೆ ನಾರಿನ ಎಳೆ ಕಟ್ಟಿಸಬೇಕು, ಅದಕ್ಕೆ ಟಿಜಿಎಫ್ ಬೀಟಾ. ಹೊರಹಾಕಬೇಕಾಗಿದ್ದ ತುಣುಕಿಗೆ ಹೀಗೆ ನೀರು ಗೊಬ್ಬರ ಸಿಕ್ಕಿದಂತಾಯಿತು. ಆದ್ದರಿಂದ "ಶಕ್ತಿ ಕುಂದಿತು" ಅನ್ನುವುದು ಅರ್ಧವೂ ಸರಿಯಲ್ಲ.

ಮಲಪ್ರಭಾ, ಪುಣೆ

ಪರೇಲ್‌ದವರು ಹೇಳಿದ್ದು ಬರೋಬರಿ ಅದ. ಆದ್ರ ಹಾರ್ಮೋನು ಬಿಟ್ಟು ಬರೇ ಇಮ್ಯೂನಿಟಿ ಮಾತಾಡಿದ್ರ ಚಿತ್ರ ಪೂರ್ತಿ ಆಗೂದಿಲ್ಲ ನೋಡ್ರಿ. ಎರಡೂ ಒಂದಕ್ಕೊಂದು ಗಂಟು ಹಾಕ್ಕೊಂಡಾವ.

ಅವರು ಹೇಳಿದ ಪ್ರೊಸ್ಟಗ್ಲಾಂಡಿನ್ ಇ2 ಅದ ಅಲ್ರೀ, ಅದು ಗಡ್ಡೆಯ (ಅಂದ್ರ ಹೊಟ್ಟಿಯೊಳಗ ಬೇರು ಬಿಟ್ಟ ತುಣುಕಿನ) ಕೋಶದಾಗ ಅರೋಮಟೇಸ್ ಅನ್ನೂ ಕಿಣ್ವ ಎಬ್ಬಿಸ್ತದ. ಆರೋಗ್ಯವಾಗಿರೋ ಗರ್ಭಕೋಶದ ಒಳಪದರದಾಗ ಈ ಕಿಣ್ವ ಹೆಚ್ಚುಕಡಿಮಿ ಇರೂದೇ ಇಲ್ಲ. ಅರೋಮಟೇಸ್ ಬಂತಂದ್ರ ಗಡ್ಡೆ ತನ್ನ ಜಾಗಾದಾಗನ ಈಸ್ಟ್ರೋಜನ್ ತಯಾರು ಮಾಡ್ಕೋತದ. ಆ ಈಸ್ಟ್ರೋಜನ್ ಕಾಕ್ಸ್-2 ಕಿಣ್ವ ಹೆಚ್ಚು ಮಾಡ್ತದ, ಕಾಕ್ಸ್-2 ಮತ್ತ ಪ್ರೊಸ್ಟಗ್ಲಾಂಡಿನ್ ಇ2 ಮಾಡ್ತದ. ಗಾಣದ ಎತ್ತು ಸುತ್ತಿದಂಗ ಸುತ್ತತಾನ ಇರ್ತದ. ಇದನ್ನ ತಡೀಬೇಕಾದ್ದು ಪ್ರೊಜೆಸ್ಟರಾನ್, ಆದ್ರ ಗಡ್ಡೆಯೊಳಗ ಅದರ ಗ್ರಾಹಕ, ಅದರಾಗೂ ಪಿಆರ್-ಬಿ ಅನ್ನೂ ಬಗೀದು, ಕಡಿಮಿ ಆಗಿರ್ತದ. ಹಿಂಗಾಗಿ ದೇಹದಾಗ ಪ್ರೊಜೆಸ್ಟರಾನ್ ಇದ್ರೂ ಅದರ ಮಾತು ಗಡ್ಡೆಗೆ ಕೇಳ್ಸೂದಿಲ್ಲ.

ಈ ಕಾಯಿಲೆಗೆ ಕೊಡೂ ಡೈನೋಜೆಸ್ಟ್ ಗುಳಿಗಿ ಕೆಲಸ ಮಾಡೂದು ಇದs ಜಾಗಾದಾಗ. ಅದು ಹಾರ್ಮೋನಿನ ಗುಳಿಗಿ ಅಂತ ಎಲ್ಲಾರಿಗೂ ಗೊತ್ತು. ಕೋಶಗಳನ್ನ ಬೆಳೆಸಿ ನೋಡಿದಾಗ ಅರೋಮಟೇಸ್, ಕಾಕ್ಸ್-2, ಐಎಲ್-6, ಐಎಲ್-8 ಎಲ್ಲಾ ಇಳಸ್ತದ. ಅಂದ್ರ ಉರಿಯೂತಕ್ಕೂ ಅದು ಔಷಧಾನ. "ಇಮ್ಯೂನ್ ಸಮಸ್ಯೆ ಅದ, ಹಾರ್ಮೋನ್ ಗುಳಿಗಿ ಯಾಕ" ಅಂತ ಬಿಟ್ಟುಬಿಡೋರು ಭಾಳ ಮಂದಿ ಇದ್ದಾರ. ಕರಪತ್ರದಾಗ ಈ ಗಾಣದ ಚಿತ್ರ ಒಂದು ತೆಗೆದು ಹಾಕ್ರಿ, ನಾಲ್ಕು ಬಾಣ ಸಾಕು.

ನೋವಿನ ಬಗ್ಗೆ ಒಂದು ಮಾತು. ಗಡ್ಡೆ ಸಣ್ಣದು, ನೋವು ವಿಪರೀತ. ಗಡ್ಡೆ ದೊಡ್ಡದು, ನೋವs ಇಲ್ಲ. ಎರಡೂ ದಿನಾ ಕಾಣೂವಂಥಾವು. ಇದಕ್ಕೂ ಇಮ್ಯೂನ್ ಕಣಗಳು ಒಂದು ಕಾರಣ. ನರದ ತುದಿಗಳು ಮ್ಯಾಕ್ರೋಫೇಜ್‌ಗಳನ್ನ ಕರಕೋತಾವ, ಮ್ಯಾಕ್ರೋಫೇಜ್‌ಗಳು ನರ ಬೆಳಸೂ ಪದಾರ್ಥ ಬಿಡ್ತಾವ. 2019ರಾಗ ಬಂದ ಎಡಿನ್‌ಬರೋ ಸಂಶೋಧನೆಯೊಳಗ ಇಲಿಗಳಲ್ಲಿ ಇದನ್ನ ತೋರಿಸ್ಯಾರ, ಆ ಪದಾರ್ಥ ಐಜಿಎಫ್-1. ಆಳವಾಗಿ ಇಳಿದ ಗಡ್ಡೆಗಳಾಗ ನರದ ಮಗ್ಗಲಕ ಮಾಸ್ಟ್ ಕಣಗಳೂ ಗುಂಪಾಗಿ ಕಾಣ್ತಾವ, ಅಲರ್ಜಿಯೊಳಗ ಹಿಸ್ಟಮಿನ್ ಬಿಡ್ತಾವಲ್ಲ, ಅವs. ಹಿಂಗಾಗಿ "ಸೋನೋಗ್ರಫಿ ನಾರ್ಮಲ್ ಅದ, ನಿನಗ ನೋವು ಇರಾಕ ಸಾಧ್ಯ ಇಲ್ಲ" ಅನ್ನೂದು ವಿಜ್ಞಾನಾನೂ ಅಲ್ಲ, ಮನುಷ್ಯತ್ವಾನೂ ಅಲ್ಲ.

ಪಾರಿಜಾತ, ಡೊಂಬಿವಲಿ

ಗಾಣದ ಚಿತ್ರ ಖಂಡಿತ ಹಾಕೋಣ ಮೇಡಂ. ಮೊದಲ ಪುಟದ ಸಾಲು ತೆಗೆದೆ. ಮುಂದಿನ ಪ್ರಶ್ನೆ: ಎನ್‌ಕೆ (ನ್ಯಾಚುರಲ್ ಕಿಲ್ಲರ್) ಕಣಗಳ ವಿಷಯ ಎಲ್ಲ ಕಡೆ ಕೇಳಿಬರತ್ತೆ, ಅದರಲ್ಲೂ ಮಗುವಿಗಾಗಿ ಚಿಕಿತ್ಸೆ ತಗೊಳ್ಳೋರ ಬಾಯಲ್ಲಿ. ರಕ್ತದಲ್ಲಿ ಎನ್‌ಕೆ ಶೇಕಡ ನೋಡಿ, ಹೆಚ್ಚಿದೆ ಅಂತ ಬಿಳಿ ಡ್ರಿಪ್ ಹಾಕಿಸ್ಕೊಳ್ಳಿ ಅನ್ನೋ ಸಲಹೆ. ಇದನ್ನ ಕರಪತ್ರದಲ್ಲಿ ಹೇಗೆ ಬರೀಬೇಕು?

ಸೂಕ್ಷ್ಮದರ್ಶಿ, ಪರೇಲ್

ಮೂರು ಬೇರೆ ಬೇರೆ ವಿಷಯಗಳನ್ನು ಇಲ್ಲಿ ಒಂದೇ ಹೆಸರಿನಲ್ಲಿ ಕಲಸಿಬಿಡುತ್ತಾರೆ.

ಮೊದಲನೆಯದು ಹೊಟ್ಟೆಯೊಳಗಿನ ಎನ್‌ಕೆ. ಇವು ಅನುಮಾನ ಬಂದ ಕೋಶವನ್ನು ನೇರವಾಗಿ ಕೊಲ್ಲುವಂಥವು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಲೂವೆನ್ ತಂಡ, ಎಂಡೋಮೆಟ್ರಿಯೋಸಿಸ್ ಇರುವವರಲ್ಲಿ ಈ ಕೊಲ್ಲುವ ಸಾಮರ್ಥ್ಯ ಕಡಿಮೆ, ಕಾಯಿಲೆ ತೀವ್ರವಾದಷ್ಟೂ ಇನ್ನೂ ಕಡಿಮೆ ಎಂದು ತೋರಿಸಿತು. ಕಾರಣಗಳು ಆಮೇಲೆ ಒಂದೊಂದಾಗಿ ಹೊರಬಂದವು. ಗಡ್ಡೆಯ ಕೋಶಗಳು ಐಕ್ಯಾಮ್-1 ಎಂಬ ಅಣುವನ್ನು ಮೈಯಿಂದ ಕಳಚಿ ದ್ರವಕ್ಕೆ ಬಿಡುತ್ತವೆ. ಎನ್‌ಕೆ ಕಣ ತನ್ನ ಬೇಟೆಯನ್ನು ಹಿಡಿದುಕೊಳ್ಳುವ ಕೊಕ್ಕೆಗೆ ಈ ತೇಲುವ ತುಂಡು ಬಂದು ಸಿಕ್ಕಿಕೊಂಡರೆ ಕೊಕ್ಕೆ ತುಂಬಿಹೋಯಿತು, ನಿಜವಾದ ಬೇಟೆ ಕೈಗೆ ಸಿಗುವುದಿಲ್ಲ. ಜೊತೆಗೆ ದ್ರವದಲ್ಲಿರುವ ಟಿಜಿಎಫ್ ಬೀಟಾ, ಐಎಲ್-6 ಇವನ್ನು ಮಂಕಾಗಿಸುತ್ತವೆ, ಕೊಲ್ಲಬೇಡ ಎಂದು ತಡೆಯುವ ಕೆಐಆರ್ ಗ್ರಾಹಕಗಳೂ ಹೆಚ್ಚುತ್ತವೆ.

ಎರಡನೆಯದು ಗರ್ಭಕೋಶದ ಎನ್‌ಕೆ. ಹೆಸರು ಒಂದೇ, ಸ್ವಭಾವ ಬೇರೆ. ಮೈಮೇಲೆ ಸಿಡಿ56 ಎಂಬ ಗುರುತು ಹೆಚ್ಚು, ಸಿಡಿ16 ಎಂಬ ಗುರುತು ಇಲ್ಲ. ಕೊಲ್ಲುವುದು ಇವುಗಳ ಮುಖ್ಯ ಕೆಲಸವಲ್ಲ, ಗರ್ಭ ನಿಲ್ಲುವಾಗ ರಕ್ತನಾಳಗಳನ್ನು ಹದ ಮಾಡುತ್ತವೆ. ಮೂರನೆಯದು ರಕ್ತದಲ್ಲಿ ಹರಿಯುವ ಎನ್‌ಕೆ, ಹೆಚ್ಚಿನವು ಸಿಡಿ16 ಇರುವಂಥವು. ಲ್ಯಾಬ್ ಅಳೆಯುವುದು ಈ ಮೂರನೆಯದನ್ನು. ತೋಳಿನ ರಕ್ತದ ಶೇಕಡ ನೋಡಿ ಗರ್ಭಕೋಶದ ಅಥವಾ ಹೊಟ್ಟೆಯ ಸ್ಥಿತಿ ಹೇಳುವುದು ಸಾಧ್ಯವಿಲ್ಲ. ಅದರ ಮೇಲೆ ವ್ಯಾಯಾಮ, ಒತ್ತಡ, ಸೂಜಿಯ ಹೆದರಿಕೆ, ರಕ್ತ ತೆಗೆದ ಹೊತ್ತು ಇವುಗಳಿಂದಲೇ ಸಂಖ್ಯೆ ಏರಿಳಿಯುತ್ತದೆ.

ತಮಾಷೆಯ ಮಾತಲ್ಲ, ಗಮನಿಸಿ: ಎಂಡೋಮೆಟ್ರಿಯೋಸಿಸ್‌ನ ವಾದ "ಎನ್‌ಕೆ ಮಂಕಾಗಿದೆ" ಅನ್ನುತ್ತದೆ, ಡ್ರಿಪ್‌ನ ವಾದ "ಎನ್‌ಕೆ ಹೆಚ್ಚಾಗಿದೆ, ತಗ್ಗಿಸಬೇಕು" ಅನ್ನುತ್ತದೆ. ಒಬ್ಬರೇ ಹೆಂಗಸಿಗೆ ಎರಡನ್ನೂ ಹೇಳಿ ದುಡ್ಡು ಖರ್ಚು ಮಾಡಿಸುವುದು ನ್ಯಾಯವಲ್ಲ.

ಮಲಪ್ರಭಾ, ಪುಣೆ

ಆ ಬಿಳಿ ಡ್ರಿಪ್ ಅಂದ್ರ ಇಂಟ್ರಾಲಿಪಿಡ್. ಸೋಯಾ ಎಣ್ಣಿ, ತತ್ತಿಯ ಹಳದಿಯಿಂದ ತೆಗೆದ ಫಾಸ್ಫೋಲಿಪಿಡ್. ಉಣ್ಣಾಕ ಆಗದ ರೋಗಿಗಳಿಗೆ ಕೊಬ್ಬಿನಂಶ ಕೊಡೋ ಸಲವಾಗಿ ತಯಾರಾದದ್ದು. ತತ್ತಿ ಇಲ್ಲಾ ಸೋಯಾ ಅಲರ್ಜಿ ಇದ್ದವರಿಗೆ ಅಪಾಯ. ಯುರೋಪಿನ ಸಂತಾನ ವೈದ್ಯರ ಸಂಘ ಈಎಸ್‌ಎಚ್‌ಆರ್‌ಇ 2023ರಾಗ ಹೆಚ್ಚುವರಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಟ್ಟದ. ರಕ್ತದ ಎನ್‌ಕೆ ಪರೀಕ್ಷಾನೂ ಇಂಟ್ರಾಲಿಪಿಡ್ಡೂ ಎರಡೂ ಬ್ಯಾಡ ಅನ್ನೂದರಾಗ ಬರ್ತಾವ.

ಪತ್ತೆ ಹಚ್ಚೂ ವಿಷಯಕ್ಕ ಅದೇ ಸಂಘದ 2022ರ ಮಾರ್ಗಸೂಚಿ ನೋಡ್ರಿ: ರಕ್ತ, ಮುಟ್ಟಿನ ದ್ರವ, ಒಳಪದರದ ತುಣುಕು, ಯಾವುದರಾಗೂ ಸೂಚಕ ಅಳೆದು ಎಂಡೋಮೆಟ್ರಿಯೋಸಿಸ್ ಅದ ಇಲ್ಲ ಅಂತ ಹೇಳಬ್ಯಾಡ್ರಿ. ಸಿಎ-125 (ಅಂಡಾಶಯದ ಕ್ಯಾನ್ಸರಿನ ಅನುಮಾನಕ್ಕೂ ನೋಡೂ ರಕ್ತದ ಸೂಚಕ) ಸೇರಿ. ದುರ್ಬೀನು ಹಾಕಿ ನೋಡಿದ್ರನ ಖಾತ್ರಿ ಅನ್ನೂ ಹಳೇ ನಿಯಮಾನೂ ಸಡಿಲ ಮಾಡ್ಯಾರ. ಲಕ್ಷಣ, ಪರೀಕ್ಷೆ, ಒಳಗಿನಿಂದ ಮಾಡಿದ ಸೋನೋಗ್ರಫಿ ಇಲ್ಲಾ ಎಂಆರ್‌ಐ ನೋಡಿ ಚಿಕಿತ್ಸೆ ಶುರು ಮಾಡಬಹುದು. ಆದ್ರ ಮೇಲ್ಪದರದ ಸಣ್ಣ ಚುಕ್ಕಿಗಳು ಸೋನೋಗ್ರಫಿಯೊಳಗ ಕಾಣೂದಿಲ್ಲ, ರಿಪೋರ್ಟ್ ನಾರ್ಮಲ್ ಬಂದ್ರೂ ಕಾಯಿಲೆ ಇಲ್ಲ ಅಂತ ಆಗೂದಿಲ್ಲ.

ಜುವಾರಿ ದಂಡೆ, ವಾಸ್ಕೊ

ಎರಡನೇ ಪುಟದ ಆಟೋಇಮ್ಯೂನ್ ಮಾತು ಬಾಕಿ ಉಳಿದಿದೆ. ಥೈರಾಯ್ಡ್ ಗುಳಿಗೆ ಮತ್ತು ಎಂಡೋ ಗುಳಿಗೆ ಒಂದೇ ಚೀಟಿಯಲ್ಲಿ ಬರುವುದು ಔಷಧದಂಗಡಿಯ ಕೌಂಟರಿನಲ್ಲಿ ಸಾಮಾನ್ಯ. ನಂಟು ಇಲ್ಲ ಅಂತ ಬರೆದರೂ ತಪ್ಪಾಗುತ್ತದೆ ಅಲ್ಲವೇ?

ಕೀಲುಗಂಟು, ಠಾಣೆ

ನಂಟು ಉಂಟು. ಆದರೆ ನಂಟು ಉಂಟು ಅಂದ ಕೂಡಲೇ ಅದೇ ಜಾತಿಯ ಕಾಯಿಲೆ ಎಂದಾಗುವುದಿಲ್ಲ ಮಾರಾಯ್ರೆ.

ಒಂದು ಕಾಯಿಲೆಯನ್ನು ಆಟೋಇಮ್ಯೂನ್ ಎಂದು ಕರೆಯಬೇಕಾದರೆ, ದೇಹ ತನ್ನದೇ ಯಾವುದೋ ಒಂದು ಗುರಿಗೆ ಹೊಡೆಯುತ್ತಿದೆ, ಆ ಹೊಡೆತದಿಂದಲೇ ಕಾಯಿಲೆ ಹುಟ್ಟಿದೆ ಎಂದು ತೋರಬೇಕು. ಹಶಿಮೊಟೊ ಥೈರಾಯ್ಡ್‌ನಲ್ಲಿ ಟಿಪಿಒ ಎಂಬ ಗುರಿ ಉಂಟು, ಹೊಡೆತಕ್ಕೆ ಗ್ರಂಥಿ ಸವೆಯುತ್ತದೆ. ಎಂಡೋಮೆಟ್ರಿಯೋಸಿಸ್‌ನಲ್ಲಿ ಒಳಪದರದ ವಿರುದ್ಧ ಪ್ರತಿಕಾಯಗಳು (ಆಂಟಿಬಾಡಿ), ಕೋಶಕೇಂದ್ರದ ವಿರುದ್ಧದ ಎಎನ್‌ಎ, ಕೆಲವರಲ್ಲಿ ಫಾಸ್ಫೋಲಿಪಿಡ್ ವಿರುದ್ಧದವೂ ಸಿಗುತ್ತವೆ. 1980ರ ಸುಮಾರಿನಿಂದಲೇ ಇದು ಗೊತ್ತು. ಆದರೆ ಎಲ್ಲರಲ್ಲೂ ಇರುವ ಒಂದೇ ಗುರಿ ಸಿಕ್ಕಿಲ್ಲ. ಪ್ರತಿಕಾಯ ಇದ್ದರೂ ತುಣುಕು ಸವೆಯುವುದಿಲ್ಲ, ಬೆಳೆಯುತ್ತದೆ. ಹೊಡೆತ ನಿಜವಾಗಿದ್ದರೆ ಗಡ್ಡೆ ಕರಗಬೇಕಿತ್ತು. ಅಂಗಾಂಶ ಸತ್ತು ಒಡೆದು ಸದಾ ಉರಿಯೂತ ಇರುವಲ್ಲಿ ಇಂಥ ಪ್ರತಿಕಾಯಗಳು ಪರಿಣಾಮವಾಗಿಯೂ ಹುಟ್ಟಬಹುದು. ನನ್ನ ಅಭಿಪ್ರಾಯದಲ್ಲಿ "ಉರಿಯೂತದ ದೀರ್ಘ ಕಾಯಿಲೆ" ಎನ್ನುವುದೇ ಸರಿಯಾದ ಮಾತು.

ನಂಟಿನ ಲೆಕ್ಕ: ಆಕ್ಸ್‌ಫರ್ಡ್‌ನವರು ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ದಾಖಲೆಯಲ್ಲಿ 8 ಸಾವಿರಕ್ಕೂ ಹೆಚ್ಚು ಎಂಡೋಮೆಟ್ರಿಯೋಸಿಸ್ ಇದ್ದವರನ್ನು ನೋಡಿ 2025ರಲ್ಲಿ ಪ್ರಕಟಿಸಿದರು. ಸಂಧಿವಾತ (ರುಮಟಾಯ್ಡ್), ಮಲ್ಟಿಪಲ್ ಸ್ಕ್ಲೆರೋಸಿಸ್ (ನರದ ಹೊದಿಕೆ ಹಾಳಾಗುವ ಕಾಯಿಲೆ), ಸೀಲಿಯಾಕ್ (ಗೋಧಿಯ ಗ್ಲುಟೆನ್ ಒಗ್ಗದ ಕಾಯಿಲೆ), ಅಸ್ಥಿಸಂಧಿವಾತ (ಕೀಲು ಸವೆತ), ಸೋರಿಯಾಸಿಸ್ ಇವುಗಳ ಸಂಭವ 30ರಿಂದ 80 ಶೇಕಡ ಹೆಚ್ಚು. ಅಸ್ಥಿಸಂಧಿವಾತ ಮತ್ತು ಸಂಧಿವಾತದೊಡನೆ ವಂಶವಾಹಿಯ ಮಟ್ಟದಲ್ಲೂ ಹೋಲಿಕೆ ಕಂಡಿತು. ಈ ಶೇಕಡವನ್ನು ಕರಪತ್ರದಲ್ಲಿ ಹಾಗೆಯೇ ಹಾಕಿದರೆ ಓದಿದವರ ಎದೆ ಧಸಕ್ಕೆನ್ನುತ್ತದೆ. ಸಂಧಿವಾತ ಜನರಲ್ಲಿ ನೂರಕ್ಕೆ ಒಬ್ಬರಿಗೂ ಕಡಿಮೆ ಇರುವ ಕಾಯಿಲೆ. ಒಂದೂವರೆ ಪಟ್ಟು ಆದರೂ ನೂರಕ್ಕೆ ಒಬ್ಬರ ಆಸುಪಾಸು ಅಷ್ಟೆ. ಹಾಗಾಗಿ ಎಲ್ಲರಿಗೂ ಎಎನ್‌ಎ, ಆರ್‌ಎ ಫ್ಯಾಕ್ಟರ್ ಮಾಡಿಸುವ ಅಗತ್ಯ ಇಲ್ಲ. ಬೆಳಿಗ್ಗೆ ಎದ್ದಾಗ ಬೆರಳ ಗಂಟು ಒಂದು ಗಂಟೆಗೂ ಮೀರಿ ಬಿಗಿದಿರುವುದು, ಕಣ್ಣು ಬಾಯಿ ಸದಾ ಒಣಗುವುದು, ಬಿಸಿಲಿಗೆ ಕೆನ್ನೆ ಕೆಂಪಾಗುವುದು, ಕಾರಣವಿಲ್ಲದೆ ತೂಕ ಏರಿ ಸುಸ್ತಾಗುವುದು, ಇಂಥದ್ದು ಇದ್ದರೆ ಮಾತ್ರ ನೋಡಬೇಕು. ಥೈರಾಯ್ಡ್ ನೋಡುವ ಟಿಎಸ್‌ಎಚ್ ಪರೀಕ್ಷೆಗೆ ನನ್ನ ತಕರಾರಿಲ್ಲ, ಅಗ್ಗ, ಸಿಕ್ಕಿದರೆ ಚಿಕಿತ್ಸೆಯೂ ಸುಲಭ.

ಕರಿಬೇವು, ಮಾಟುಂಗಾ

ಕಷಾಯದ ವಿಷಯಕ್ಕೆ ಬರೋಣ, ಆಹಾರ ಸಲಹೆ ಕೇಳುವವರಲ್ಲಿ ಹತ್ತಕ್ಕೆ ಎಂಟು ಮಂದಿಯ ಪ್ರಶ್ನೆ ಅದೇ. ಈ ಕಾಯಿಲೆಯಲ್ಲಿ "ಇಮ್ಯೂನಿಟಿ ಹೆಚ್ಚಿಸುವುದು" ಗುರಿಯೇ ಅಲ್ಲ, ಮೇಲೆ ಎಲ್ಲರೂ ಹೇಳಿದ ಕಾರಣಕ್ಕೆ. ಅಮೃತಬಳ್ಳಿ, ಇಲ್ಲಿ ಗುಳವೇಲ್ ಅಂತ ಮಾರ್ತಾರಲ್ಲ, ಅದರ ಬಗ್ಗೆ ವಿಶೇಷ ಎಚ್ಚರ ಬೇಕು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಮುಂಬಯಿಯಲ್ಲೇ 6 ಮಂದಿಗೆ ಇದನ್ನು ಸೇವಿಸಿದ ಮೇಲೆ ಯಕೃತ್ತಿಗೆ ಪೆಟ್ಟಾದದ್ದನ್ನು ವೈದ್ಯರು 2021ರಲ್ಲಿ ವರದಿ ಮಾಡಿದರು, ಆಟೋಇಮ್ಯೂನ್ ಹೆಪಟೈಟಿಸ್‌ನ ಲಕ್ಷಣಗಳಿದ್ದವು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ, ಗಿಡದ ಗುರುತು ಸರಿಯಾಗಿ ಆಗಿಲ್ಲ, ಹೋಲುವ ಬೇರೆ ಬಳ್ಳಿಯೂ ಇರಬಹುದು ಎಂದಿತು. ಮರುವರ್ಷ 13 ಕೇಂದ್ರಗಳಿಂದ 43 ಮಂದಿಯ ವರದಿ ಬಂತು. ಥೈರಾಯ್ಡ್ ಅಥವಾ ಬೇರೆ ಆಟೋಇಮ್ಯೂನ್ ತೊಂದರೆ ಜೊತೆಗಿರುವವರು ದಿನವೂ ಇದನ್ನು ಕುಡಿಯುವುದು ಬೇಡ ಅನ್ನುವುದು ನನ್ನ ನಿಲುವು. ಮೂತ್ರ ಕಡು ಹಳದಿ, ಕಣ್ಣು ಹಳದಿ, ಮೈ ತುರಿಕೆ ಕಂಡರೆ ಅಂದೇ ನಿಲ್ಲಿಸಿ ಯಕೃತ್ತಿನ ಪರೀಕ್ಷೆಯಾದ ಎಲ್‌ಎಫ್‌ಟಿ ಮಾಡಿಸಬೇಕು.

ಊಟದಲ್ಲಿ ಬಂಗುಡೆ, ಬೂತಾಯಿ ತಿನ್ನುವವರು ವಾರಕ್ಕೆ ಎರಡು ಸಲ ತಿನ್ನಲಿ, ಒಮೆಗಾ-3 ಸಿಗುತ್ತದೆ. ಹುರಿದದ್ದಕ್ಕಿಂತ ಪುಳಿಮುಂಚಿ ಅಥವಾ ಗಸಿ ಲೇಸು. ಅದರಿಂದ ಗಡ್ಡೆ ಕರಗುತ್ತದೆ ಎಂದು ಮಾತ್ರ ಬರೆಯಬೇಡಿ. ಅರಿಶಿನಕ್ಕೂ ಇದೇ ಮಾತು.

ಜುವಾರಿ ದಂಡೆ, ವಾಸ್ಕೊ

ಔಷಧದ ಕಡೆಯಿಂದ ಸೇರಿಸಬೇಕಾದ್ದು.

ಮೆಫೆನಮಿಕ್ ಆಸಿಡ್, ನ್ಯಾಪ್ರಾಕ್ಸೆನ್ ಇವು ಮಲಪ್ರಭಾ ಅವರು ಹೇಳಿದ ಕಾಕ್ಸ್ ಕಿಣ್ವವನ್ನೇ ತಡೆಯುವಂಥವು. ಆಗಲೇ ತಯಾರಾಗಿ ಹೋದ ಪ್ರೊಸ್ಟಗ್ಲಾಂಡಿನ್ ಮೇಲೆ ಇವುಗಳ ಆಟ ನಡೆಯುವುದಿಲ್ಲ. ಆದ್ದರಿಂದ ನೋವು ತಾಳಲಾರದ ಹಂತಕ್ಕೆ ಹೋದ ಮೇಲೆ ನುಂಗಿ "ಗುಳಿಗೆ ಹತ್ತಲಿಲ್ಲ" ಅನ್ನುವುದು ಗುಳಿಗೆಯ ದೋಷವಲ್ಲ, ಹೊತ್ತಿನ ದೋಷ. ಮುಟ್ಟು ಶುರುವಾಗುವ ಸೂಚನೆ ಕಂಡಾಗಲೇ, ಏನಾದರೂ ತಿಂದು, ಮೆಫೆನಮಿಕ್ ಆಸಿಡ್ ಆದರೆ 500 ಮಿಗ್ರಾಂ, ದಿನಕ್ಕೆ 3 ಸಲ, ಎರಡು ಮೂರು ದಿನ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು ಬಿಡಬೇಕು. ವೈದ್ಯರನ್ನು ಒಮ್ಮೆ ಕೇಳಿಯೇ ಶುರು ಮಾಡಲಿ.

ಭಾರತೀಯ ಫಾರ್ಮಕೋಪಿಯಾ ಆಯೋಗ 2023ರ ನವೆಂಬರ್ 30ರಂದು ಇದೇ ಮೆಫೆನಮಿಕ್ ಆಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಅಪರೂಪಕ್ಕೆ ಡ್ರೆಸ್ ಸಿಂಡ್ರೋಮ್ ಎಂಬ ಅಲರ್ಜಿ ಆಗುತ್ತದೆ: ಜ್ವರ, ಮೈತುಂಬ ಗಂಧೆ, ಮುಖ ಊತ, ಕುತ್ತಿಗೆಯ ಗಂಟು. ಗುಳಿಗೆ ಶುರು ಮಾಡಿ 2ರಿಂದ 8 ವಾರದ ನಂತರ ಬರುವುದರಿಂದ ಜನ ಅದನ್ನು ಗುಳಿಗೆಗೆ ತಾಳೆ ಹಾಕುವುದಿಲ್ಲ, ಡೆಂಗ್ಯೂ ಅಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಗೋವಾದಲ್ಲಿ ಹಾಗೆ ಅಂದುಕೊಳ್ಳುವುದು ಇನ್ನೂ ಸುಲಭ.

ಡೈನೋಜೆಸ್ಟ್ 2 ಮಿಗ್ರಾಂ, ದಿನಕ್ಕೊಂದು, ಒಂದೇ ಹೊತ್ತಿಗೆ, ನಡುವೆ ಬಿಡದೆ. ಮೊದಲ ಕೆಲವು ತಿಂಗಳು ಆಗಾಗ ಚುಕ್ಕೆ ರಕ್ತ ಕಾಣುತ್ತದೆ, ಹೆದರಿ ನಿಲ್ಲಿಸುವವರು ಹೆಚ್ಚು. ಅದು ನಿರೀಕ್ಷಿತ. ವರ್ಷಗಟ್ಟಲೆ ತೆಗೆದುಕೊಳ್ಳುವಾಗ ಮೂಳೆ ಸಾಂದ್ರತೆ, ಮನಸ್ಸಿನ ಕುಗ್ಗುವಿಕೆ ಗಮನಿಸಬೇಕು. ಇದನ್ನು ಗರ್ಭನಿರೋಧಕ ಗುಳಿಗೆ ಎಂದು ನೆಚ್ಚಬಾರದು, ಕಾಂಡೋಮ್ ಬೇಕು. ಈ ಸಾಲು ದಪ್ಪ ಅಕ್ಷರದಲ್ಲಿ ಬರಲಿ.

ಪಾರಿಜಾತ, ಡೊಂಬಿವಲಿ

ಇಷ್ಟೆಲ್ಲ ಗೊತ್ತಿದ್ದ ಮೇಲೆ ಟಿಎನ್‌ಎಫ್, ಐಎಲ್-8 ಇವನ್ನೇ ನೇರವಾಗಿ ತಡೆಯುವ ಔಷಧ ಯಾಕಿಲ್ಲ? ಸಂಧಿವಾತಕ್ಕೆ ಇದೆಯಲ್ಲ.

ಕೀಲುಗಂಟು, ಠಾಣೆ

ಪ್ರಯತ್ನ ಆಗಿದೆ. ಬಬೂನ್‌ಗಳಲ್ಲಿ ಟಿಎನ್‌ಎಫ್ ತಡೆಯುವ ಔಷಧ ಒಳ್ಳೆಯ ಫಲ ಕೊಟ್ಟಿತ್ತು. ಆ ಭರವಸೆಯಲ್ಲಿ ಬೆಲ್ಜಿಯಂನಲ್ಲಿ ಆಳದ ಗಡ್ಡೆ ಇದ್ದ 21 ಹೆಂಗಸರಿಗೆ ಟಿಎನ್‌ಎಫ್ ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಅಥವಾ ಹುಸಿ ಔಷಧ ಕೊಟ್ಟು ನೋಡಿದರು, 2008ರಲ್ಲಿ ಫಲಿತಾಂಶ ಬಂತು: ನೋವಿನಲ್ಲಿ ವ್ಯತ್ಯಾಸವೇ ಇಲ್ಲ. ನಮ್ಮ ದೇಶದಲ್ಲಿ ಇನ್ನೊಂದು ಅಡ್ಡಿ ಉಂಟು. ಟಿಎನ್‌ಎಫ್ ತಡೆದರೆ ಒಳಗೆ ಮಲಗಿರುವ ಕ್ಷಯ ಎದ್ದು ಕೂರಬಹುದು. ಮಾಂಟೂ ಅಥವಾ ಇಗ್ರಾ (ಅಡಗಿರುವ ಕ್ಷಯ ಪತ್ತೆಯ ಪರೀಕ್ಷೆಗಳು), ಎದೆಯ ಎಕ್ಸ್‌ರೇ ಇಲ್ಲದೆ ಸಂಧಿವಾತದವರಿಗೂ ನಾವು ಕೊಡುವುದಿಲ್ಲ.

ಐಎಲ್-8 ವಿರುದ್ಧ ಜಪಾನಿನ ಚುಗಾಯ್ ಕಂಪನಿಯ ಪ್ರತಿಕಾಯ ಒಂದಿದೆ, ಎಎಂವೈ109. 2023ರಲ್ಲಿ ಕೋತಿಗಳಲ್ಲಿ ಗಡ್ಡೆಯ ಎಳೆಗಟ್ಟುವಿಕೆ, ಅಂಟಿಕೊಳ್ಳುವಿಕೆ ಎರಡೂ ಕಡಿಮೆಯಾದದ್ದು ಪ್ರಕಟವಾಯಿತು. ಕೋತಿಯ ಫಲ ಹೆಂಗಸರಿಗೆ ಬರುತ್ತದೆಂದು ಹೇಳಲಾಗದು, ಬಬೂನಿನ ಪಾಠ ಕಣ್ಣ ಮುಂದೆಯೇ ಉಂಟು.

ಸೂಕ್ಷ್ಮದರ್ಶಿ, ಪರೇಲ್

ಅದೇ ವರ್ಷ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಕೆಲಸವೂ ಬಂತು. ಕಾಯಿಲೆ ಇದ್ದವರಲ್ಲಿ 64 ಶೇಕಡ ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೋಬ್ಯಾಕ್ಟೀರಿಯಂ, ಇಲ್ಲದವರಲ್ಲಿ 10 ಶೇಕಡಕ್ಕೂ ಕಡಿಮೆ. ಈ ಬ್ಯಾಕ್ಟೀರಿಯ ಹೊಕ್ಕಾಗ ಮ್ಯಾಕ್ರೋಫೇಜ್ ಟಿಜಿಎಫ್ ಬೀಟಾ ಬಿಡುತ್ತದೆ, ಎಳೆ ನೇಯುವ ಕೋಶಗಳು ಚುರುಕಾಗುತ್ತವೆ. ಇಲಿಗಳಿಗೆ ಮೆಟ್ರೊನಿಡಜೋಲ್ ಎಂಬ ಆಂಟಿಬಯಾಟಿಕ್ ಕೊಟ್ಟಾಗ ಗಡ್ಡೆ ತಗ್ಗಿತು. ಇದನ್ನು ಓದಿ ಯಾರೂ ಅಂಗಡಿಯಿಂದ ಮೆಟ್ರೊನಿಡಜೋಲ್ ತಂದು ನುಂಗಬಾರದು.

ಒಂದು ವಿಷಯದಲ್ಲಿ ಮಾತ್ರ ಕರಪತ್ರ ಎಚ್ಚರದಿಂದಿರಬೇಕು: ಇಮ್ಯೂನ್ ಎಡವಟ್ಟು ಮೊದಲೋ ಗಡ್ಡೆ ಮೊದಲೋ. ನನ್ನ ಒಲವು ಮೊದಲನೆಯದರ ಕಡೆ. ಗುಡಿಸುವ ವ್ಯವಸ್ಥೆ ಸರಿಯಿದ್ದರೆ ತುಣುಕು ಅಂಟಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಮಲಪ್ರಭಾ, ಪುಣೆ

ಇಲ್ಲಿ ನಾ ಒಪ್ಪೂದಿಲ್ಲ ಸರ್. 2017ರಾಗ ಆಳದ ಗಡ್ಡೆ ಇದ್ದ 24 ಮಂದಿಯ ಗಡ್ಡೆಯ ಡಿಎನ್‌ಎ ಓದಿದಾಗ 19 ಮಂದಿಯೊಳಗ ಹುಟ್ಟಿದ ಮ್ಯಾಲೆ ಆದ ಬದಲಾವಣೆ ಸಿಕ್ಕವು, 5 ಮಂದಿಯೊಳಗ ಕೆಆರ್‌ಎಎಸ್‌ನಂಥಾ ಕ್ಯಾನ್ಸರಿನ ಜೀನ್‌ನಾಗನ. ಕ್ಯಾನ್ಸರ್ ಅಲ್ಲ ಅದು, ಆದ್ರೂ ಬೀಜಾನ ಬ್ಯಾರೆ ಥರಾ ಇದ್ರ ನೆಲಾನ ಯಾಕ ಬೈಬೇಕು? ಗರ್ಭಕೋಶನ ಇಲ್ಲದ ಹೆಂಗಸರೊಳಗೂ, ಪ್ರೋಸ್ಟೇಟ್ ಕ್ಯಾನ್ಸರಿಗೆ ಈಸ್ಟ್ರೋಜನ್ ತಗೊಂಡ ಗಂಡಸರೊಳಗೂ ಅಪರೂಪಕ್ಕ ಎಂಡೋಮೆಟ್ರಿಯೋಸಿಸ್ ಕಂಡದ. ಅಲ್ಲಿ ಹಿಮ್ಮುಖ ಮುಟ್ಟು ಎಲ್ಲಿಂದ ಬಂತು? ಗಡ್ಡೆನs ಸುತ್ತಲಿನ ಕಣಗಳನ್ನ ತನಗ ಬೇಕಾದಂಗ ಪಳಗಿಸ್ತದ ಅನ್ನೂದು ನನ್ನ ವಾದ. ನೀವs ಹೇಳಿದ ಐಕ್ಯಾಮ್-1 ಅದಕ್ಕ ಸಾಕ್ಷಿ ಅದ ಅಲ್ರೀ?

ಸೂಕ್ಷ್ಮದರ್ಶಿ, ಪರೇಲ್

ಐಕ್ಯಾಮ್-1 ವಿಷಯದಲ್ಲಿ ಸೋತೆ ಮೇಡಂ, ಅದು ಗಡ್ಡೆಯದೇ ಕೆಲಸ. "ರೋಗನಿರೋಧಕ ವ್ಯವಸ್ಥೆ ಈ ಕಾಯಿಲೆಯಲ್ಲಿ ಭಾಗಿ" ಎಂದು ಬರೆಯಿರಿ, "ಕಾರಣ" ಎಂಬ ಪದ ಬೇಡ. ಇಬ್ಬರಿಗೂ ಒಪ್ಪಿಗೆ.

ಭಾರತದ ಹೆಂಗಸರ ಮಾಹಿತಿ ಬೇಕೆಂದರೆ, ಪರೇಲ್‌ನಲ್ಲೇ ಇರುವ ಐಸಿಎಂಆರ್‌ನ ಸಂತಾನ ಮತ್ತು ಶಿಶು ಆರೋಗ್ಯ ಸಂಶೋಧನಾ ಸಂಸ್ಥೆ ಎಂಡೋಮೆಟ್ರಿಯೋಸಿಸ್‌ನ ಲಕ್ಷಣ ಮತ್ತು ವಂಶವಾಹಿ ಕುರಿತು ದೇಶದ ಹಲವು ಕೇಂದ್ರಗಳ ಅಧ್ಯಯನ ಕೈಗೊಂಡಿದೆ.

ಹೊಸಬ, ಮಡಗಾಂವ್

ಎಂಎಸ್ಸಿ ಪ್ರಾಜೆಕ್ಟಿಗೆ ಹೊಟ್ಟೆಯ ದ್ರವದ ಕಣಗಳನ್ನು ಫ್ಲೋ ಸೈಟೋಮೀಟರಿನಲ್ಲಿ (ಕಣಗಳನ್ನು ಲೇಸರಿನಿಂದ ಗುರುತಿಸಿ ಎಣಿಸುವ ಯಂತ್ರ) ನೋಡುವ ಯೋಜನೆ. ಮ್ಯಾಕ್ರೋಫೇಜ್ ಶೇಕಡ ಮಾದರಿಯಿಂದ ಮಾದರಿಗೆ ಅಳತೆಗೆ ಸಿಗದಷ್ಟು ಹೆಚ್ಚುಕಡಿಮೆ ಬರಲು ಏನು ಕಾರಣ ಇರಬಹುದು?

ಸೂಕ್ಷ್ಮದರ್ಶಿ, ಪರೇಲ್

ಬಹುಪಾಲು ಕೊಳವೆಯದೇ ತಪ್ಪು. ಮ್ಯಾಕ್ರೋಫೇಜ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ. ಪಾಲಿಸ್ಟೈರೀನ್ ಕೊಳವೆಯಲ್ಲಿ ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆ ಇಟ್ಟರೆ ಗೋಡೆಗೆ ಅಂಟಿದ್ದು ಗೋಡೆಯಲ್ಲೇ ಉಳಿಯಿತು, ಎಣಿಕೆಗೆ ಬಂದದ್ದು ಲಿಂಫೋಸೈಟ್ ಮಾತ್ರ. ಪಾಲಿಪ್ರೊಪಿಲೀನ್ ಕೊಳವೆ ತಗೊಳ್ಳಿ, ತೆಗೆದ ಕೂಡಲೇ ಐಸ್ ಮೇಲೆ ಇಡಿ, ಒಂದು ಗಂಟೆಯೊಳಗೆ ಕೆಲಸ ಶುರುವಾಗಲಿ.

ನೈತಿಕ ಸಮಿತಿಯ ಅನುಮತಿ, ರೋಗಿಯ ಒಪ್ಪಿಗೆ ಆದ ಮೇಲೆ, ದುರ್ಬೀನು ಒಳಗೆ ಹೋದ ಕೂಡಲೇ, ಸಲೈನ್‌ನಿಂದ ತೊಳೆಯುವ ಮುಂಚೆ, ಗರ್ಭಕೋಶದ ಹಿಂದಿನ ಗುಳಿಯಿಂದ ದ್ರವ ಎಳೆಯಲು ಸರ್ಜನ್‌ಗೆ ಮೊದಲೇ ಹೇಳಿಡಿ. ಕತ್ತರಿಸಲು ಶುರು ಮಾಡಿದ ಮೇಲೆ ತೆಗೆದರೆ ಅದರಲ್ಲಿ ಬರುವುದು ರಕ್ತದ ಬಿಳಿ ಕಣ. 3 ಮಿಲೀಗಿಂತ ಕಡಿಮೆ ಸಿಕ್ಕಿದರೆ 10 ಮಿಲೀ ಸ್ಟರೈಲ್ ಸಲೈನ್ ಬಿಟ್ಟು ವಾಪಸ್ ಎಳೆಯಬಹುದು, ಆದರೆ ಹಾಗೆ ಮಾಡಿದ್ದನ್ನು ಬರೆದಿಡಿ, ಸೈಟೋಕೈನ್ (ಐಎಲ್-6ರಂಥ ಸಂದೇಶದ ಅಣು) ಸಾಂದ್ರತೆಯ ಲೆಕ್ಕಕ್ಕೆ ಅದನ್ನು ಸೇರಿಸಲಾಗದು. ಮುಟ್ಟಿನ ಎಷ್ಟನೇ ದಿನ, ಯಾವ ಹಾರ್ಮೋನ್ ಗುಳಿಗೆ, ಇವೆರಡು ಬರೆಯದ ಮಾದರಿಯನ್ನು ನಾನಾದರೆ ಬಳಸುವುದಿಲ್ಲ.

300 ಜಿ ಬಲದಲ್ಲಿ, 4 ಡಿಗ್ರಿಯಲ್ಲಿ, 10 ನಿಮಿಷ ತಿರುಗಿಸಿ. ಮೇಲಿನ ದ್ರವವನ್ನು ಅರ್ಧರ್ಧ ಮಿಲೀ ಹಂಚಿ ಮೈನಸ್ 80ರಲ್ಲಿಡಿ, ಮತ್ತೆ ಮತ್ತೆ ಕರಗಿಸಿ ಗಟ್ಟಿ ಮಾಡಿದರೆ ಸೈಟೋಕೈನ್ ಅಳತೆ ಕೆಡುತ್ತದೆ. ತಳದ ಕಣಗಳಿಗೆ ಅಮೋನಿಯಂ ಕ್ಲೋರೈಡ್ ದ್ರಾವಣ ಹಾಕಿ ಕೆಂಪು ಕಣ ಒಡೆಯಿರಿ, 5 ನಿಮಿಷ ಸಾಕು, ಹತ್ತಾದರೆ ಬೇಕಾದವೂ ಸಾಯುತ್ತವೆ. ಬಣ್ಣ ಹಾಕುವ ಮುಂಚೆ ಎಫ್‌ಸಿ ಬ್ಲಾಕ್ (ಪ್ರತಿಕಾಯದ ಬಾಲ ಅಂಟದಂತೆ ತಡೆಯುವ ದ್ರಾವಣ) ತಪ್ಪಿಸಬೇಡಿ, ಮ್ಯಾಕ್ರೋಫೇಜ್ ಯಾವ ಪ್ರತಿಕಾಯ ಸಿಕ್ಕರೂ ಬಾಲ ಹಿಡಿದುಕೊಳ್ಳುತ್ತದೆ. ಒಳಗೆ ಕಟ್ಟಿಕೊಂಡ ಕಂದು ಚುಕ್ಕೆಗಳು ಲೇಸರಿಗೆ ತಾವೇ ಹೊಳೆಯುವುದರಿಂದ, ಪ್ರತಿ ಮಾದರಿಗೂ ಅದರದೇ ಬಣ್ಣ ಹಾಕದ ಕೊಳವೆ ಒಂದು ಬೇಕು. ರಕ್ತದ ಕಣಗಳ ಕಂಟ್ರೋಲ್ ಇಲ್ಲಿ ನಡೆಯುವುದಿಲ್ಲ.

ಪಾರಿಜಾತ, ಡೊಂಬಿವಲಿ

ಕೊನೆಯ ಪ್ರಶ್ನೆ. ಕ್ಷಯದ ಮಾತು ಬಂತಲ್ಲ, ಹೊಟ್ಟೆಯ ಕ್ಷಯವೂ ಎಂಡೋ ಹಾಗೆಯೇ ಕಾಣತ್ತೆ ಅಂತಾರೆ. ಸಿಎ-125 ಎರಡರಲ್ಲೂ ಏರತ್ತಾ?

ಮಲಪ್ರಭಾ, ಪುಣೆ

ಎರಡರಾಗೂ ಏರ್ತದ. 35 ಯೂನಿಟ್ ದಾಟಿತು ಅಂದ್ರ ಹೊಟ್ಟಿಯ ಪೊರೆ ಕೆರಳಿರಬಹುದು ಅಂತ ಅರ್ಥ, ಇಂಥಾದs ಕಾಯಿಲೆ ಅಂತಲ್ಲ. ಮುಟ್ಟಿನ ದಿನದಾಗ ತೆಗೆಸಿದ್ರೂ, ಬಸುರಿದ್ರೂ, ಸೋಂಕಿದ್ರೂ ಏರ್ತದ. ಕ್ಷಯದಾಗ ಸಂಜೀ ಜ್ವರ, ತೂಕ ಇಳಿಯೂದು, ಹೊಟ್ಟಿಯೊಳಗ ನೀರು ತುಂಬೂದು, ಮುಟ್ಟು ಕಡಿಮಿ ಆಗೂದು ಹೆಚ್ಚು. ಎಂಡೋದಾಗ ಮುಟ್ಟಿನ ಹೊತ್ತಿಗೆ ಏರೂ ನೋವು, ಸಂಭೋಗದಾಗ ನೋವು, ಆ ದಿನಗಳಾಗ ಸಂಡಾಸಕ್ಕ ಹೋದ್ರ ನೋವು. ಆದ್ರ ಎರಡೂ ಹಿಂಗs ಪುಸ್ತಕದಂಗ ಬರೂದಿಲ್ಲ.

ದುರ್ಬೀನಿನಾಗ ಪೊರೆ ಮ್ಯಾಲೆ ಬಿಳೀ ಕಾಳು ಕಾಳು ಕಂಡ್ರ ತುಣುಕು ಎರಡು ಡಬ್ಬಿಗೆ ಹಂಚಬೇಕು. ಒಂದು ಫಾರ್ಮಾಲಿನ್‌ದಾಗ, ಪ್ಯಾಥಾಲಜಿಗೆ. ಇನ್ನೊಂದು ಬರೇ ಸಲೈನ್‌ದಾಗ, ಕ್ಷಯದ ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೂದು) ಮತ್ತ ಕ್ಷಯದ ಡಿಎನ್‌ಎ ಹುಡುಕೂ ಸಿಬಿನಾಟ್‌ಗೆ. ಪೂರಾ ತುಣುಕು ಫಾರ್ಮಾಲಿನ್‌ಗೆ ಬಿತ್ತಂದ್ರ ಕ್ಷಯದ ಬ್ಯಾಕ್ಟೀರಿಯಾ ಸತ್ತು, ಕಲ್ಚರ್ ಬೆಳೆಯೂದs ಇಲ್ಲ. ಆಮ್ಯಾಲೆ ಹೊಟ್ಟಿ ಮತ್ತೊಮ್ಮೆ ತೂತು ಮಾಡೂ ಪಾಳಿ ಬರ್ತದ. ಆಪರೇಷನ್‌ಗೆ ಹೋಗೂ ಮೊದಲು ಮನಿಯವರು "ಸಲೈನ್ ಡಬ್ಬಿ ಇಟ್ಟೀರೇನ್ರಿ" ಅಂತ ಒಂದು ಮಾತು ಕೇಳಲಿ, ಅದನ್ನ ಕರಪತ್ರದ ಎರಡನೇ ಪುಟದಾಗ ಹಾಕ್ರಿ, ಆ ಆಟೋಇಮ್ಯೂನ್ ಸಾಲು ತೆಗೆದ ಜಾಗಾದಾಗ.